ನೇಗಿಲಸಾಲಿನ ಬೀದಿ

ಕೆಂಪೇಗೌಡರು 1537ರಲ್ಲಿ ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಹೂಡಿಸಿ, ನಾಲ್ಕು ದಿಕ್ಕಿಗೆ ಬಿಡಿಸಿ, ಆ ಸಾಲುಗಳನ್ನೇ ತಮ್ಮ ಬೆಂಗಳೂರಿನ ಹೆಬ್ಬೀದಿಗಳನ್ನಾಗಿ ಮಾಡಿದರೆಂಬುದು ಹಿರಿಯರಿಂದ ಬಂದ ಐತಿಹ್ಯ. ಅದನ್ನು ಚರಿತ್ರೆಯ ತಕ್ಕಡಿಯಲ್ಲಿಟ್ಟು ತೂಗುವ ಹಟ ನನಗಿಲ್ಲ. ಆದರೆ ಭಾನುವಾರದ ಮುಂಜಾವಿನಲ್ಲಿ, ಅಂಗಡಿಗಳ ಬಾಗಿಲು ತೆರೆಯುವ ಮುನ್ನ, ಮೈಸೂರು ಬ್ಯಾಂಕ್ ವೃತ್ತದಿಂದ ಮಾರುಕಟ್ಟೆಯ ಕಡೆಗೆ ನಿಧಾನವಾಗಿ ನಡೆಯುವಾಗ, ಈಗ ಅವೆನ್ಯೂ ರಸ್ತೆಯೆನಿಸಿಕೊಂಡಿರುವ ದೊಡ್ಡಪೇಟೆಯ ಬೀದಿ ಗೆರೆ ಎಳೆದಂತೆ ನೇರವಾಗಿರದೆ, ಎತ್ತು ಮೈ ಬಾಗಿಸಿದೆಡೆಯಲ್ಲಿ ತಾನೂ ಬಾಗಿದಂತೆ ಸಾಗುವುದನ್ನು ಕಂಡು, ಆ ಕಥೆಯನ್ನು ನಂಬಲು ಮನಸ್ಸಾಗುತ್ತದೆ.

ಬೀದಿಯ ಸುತ್ತಣ ಹೆಸರುಗಳಲ್ಲಿ ಕಸುಬುಗಳ ಒಂದು ವಂಶಾವಳಿಯೇ ಉಂಟು: ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ವರ್ತಕರಾದ ನಗರ್ತರ ನಗರ್ತಪೇಟೆ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಪೇಟೆಯನ್ನು ಮುತ್ತಿ ಹಿಡಿದ ಮೇಲೆ ಒಂಬತ್ತು ವರ್ಷಗಳಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಪಟ್ಟೆಗಾರರು, ಖತ್ರಿಗಳು, ದೇವಾಂಗರು, ತೊಗಟರು ಎಂದು ನೇಕಾರರ ಒಂದೊಂದು ಕುಲವನ್ನೂ ವಿಂಗಡಿಸಿ ಬರೆದಿಟ್ಟನು. ಯುದ್ಧ ಕಂಡ ಊರಿನಲ್ಲಿ ಮಗ್ಗದ ಸದ್ದು ಅಡಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ನನಗೆ ಬೇಕಿಲ್ಲ.

ಕನ್ನಡದಲ್ಲಿ ಉಪದೇಶ ಮಾಡುತ್ತಿದ್ದ ಪಾದ್ರಿ ಬೆಂಜಮಿನ್ ಹೋಲ್ಟ್ ರೈಸ್ ಅವರ ಸ್ಮಾರಕವಾದ ದೇವಾಲಯ ಅಂಗಡಿಗಳ ಸಾಲಿನಲ್ಲೇ ನಿಂತಿದೆ. ನಮ್ಮ ಶಾಸನಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸಿದ ಬಿ. ಎಲ್. ರೈಸ್ ಈ ಪಾದ್ರಿಯ ಮಗ. 1898ರ ಪ್ಲೇಗು ಪೇಟೆಯನ್ನು ನಡುಗಿಸಿದಾಗ ಎಷ್ಟೋ ಸಂಸಾರಗಳು ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳತ್ತ ಹೊರಟವು. ಮಾರವಾಡದಿಂದ, ಗುಜರಾತಿನಿಂದ ಬಂದ ವರ್ತಕರು ಇಲ್ಲಿ ಗದ್ದಿಗೆ ಹಾಕಿ ಕುಳಿತರು. ಹೊರಗಿನವರು ಬಂದುದರಿಂದ ಪೇಟೆ ಪೇಟೆಯಾಗಿ ಉಳಿಯಲಿಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಚೈತ್ರ ಪೌರ್ಣಮಿಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗವು ಮಲ್ಲಿಗೆಯ ಭಾರ ಹೊತ್ತು, ಬಿಚ್ಚುಗತ್ತಿಯ ವೀರಕುಮಾರರ ನಡುವೆ, ಅರಳೇಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿ ಬರುವ ಊರಿನಲ್ಲಿ, ಒಳಗಿನವರಾರು, ಹೊರಗಿನವರಾರು?

ಕಳೆದ ಮಾಘಮಾಸದಲ್ಲಿ ಚಿಕ್ಕಪೇಟೆಯ ಚೌಕದ ಹತ್ತಿರ ಒಂದು ಜವಳಿ ಅಂಗಡಿಯಲ್ಲಿ ಕುಳಿತಿದ್ದೆ. ಬಿಳಿಯ ಹಾಸಿನ ಮೇಲೆ ಮಂಡಿ ಮಡಚಿ ಕುಳಿತ ವೃದ್ಧ ವರ್ತಕರ ಮನೆಮಾತು ಮಾರವಾಡಿ. ಮಾಗಡಿಯ ಕಡೆಯ ಹೆಂಗಸೊಬ್ಬರು ಮಗಳ ಮದುವೆಯ ಜವಳಿಗೆ ಬಂದು ಜಮಖಾನದಂಚಿನಲ್ಲಿ ಕೂರುವಷ್ಟರಲ್ಲಿಯೇ ಅವರು, “ಅಕ್ಕಾ, ಮೊದಲು ಧಾರೆ ಸೀರೆ ನೋಡ್ತೀರೋ, ಬೀಗಿತ್ತಿ ಸೀರೆಯೋ?” ಎಂದು ಕೇಳಿದರು. ಆ ಎರಡರ ಅಂತರವನ್ನು ಅರಿತ ಆ ಪ್ರಶ್ನೆಯಲ್ಲಿ ಎಷ್ಟು ಮದುವೆಗಳ ನೆನಪಿತ್ತೋ! ಆಕೆ, “ಧಾರೆದು ತೋರ್ಸಪ್ಪ, ಅಂಚು ದೊಡ್ಡದಿರಲಿ” ಎಂದರು. ಒಂದರ ಮೇಲೊಂದು ಮಡಿಕೆ ಬಿಚ್ಚಿತು. ಕೆಂಪಂಚಿನ ಹಳದಿ ಸೀರೆಯೊಂದರ ಸೆರಗನ್ನು ಆಕೆ ಬಾಗಿಲ ಬೆಳಕಿಗೆ ಹಿಡಿದು, ಬೆರಳಿನಿಂದ ಜರಿಯನ್ನು ಸವರಿ, ತಲೆಯಾಡಿಸಿದರು. ಅದು ಅಂದಿನ ಬೋಣಿ. ವರ್ತಕರು ನೋಟುಗಳನ್ನು ಎಣಿಸುವ ಮೊದಲು ಎರಡೂ ಕಣ್ಣಿಗೆ ಒತ್ತಿಕೊಂಡರು.