ಸರದಿ ಇಲ್ಲದವರ ಆಟ

ಮೇಜಿನ ಮೇಲೆ ಹರಡಿದ ಆಟ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಗೆದ್ದವರ ಮುಖ ನೋಡಬೇಕಿಲ್ಲ. ಸರದಿ ಇಲ್ಲದವರು ಏನು ಮಾಡುತ್ತಿದ್ದಾರೆ ಎಂದು ನೋಡಿದರೆ ಸಾಕು. ಅವರ ಕೈ ಮೊಬೈಲಿನ ಕಡೆಗೆ ಹೋಯಿತೆಂದರೆ ಆಟ ಕೆಟ್ಟಿತು. ಮೊನಾಪಲಿಯನ್ನು ಅನೇಕರು ದೊಡ್ಡವರಾದ ಮೇಲೆ ಮುಟ್ಟದಿರುವುದಕ್ಕೆ ಇದೂ ಒಂದು ಕಾರಣ. ದಿವಾಳಿ ಎದ್ದವನು ಉಳಿದವರ ಆಟ ಮುಗಿಯುವವರೆಗೆ ಚುರುಮುರಿ ತಿನ್ನುತ್ತ ಕೂರಬೇಕು.

ಬೆಂಗಳೂರಿನ ಜಯನಗರದ ಮನೆಯೊಂದರಲ್ಲಿ ಭಾನುವಾರ ಸೇರುವ ನಾಲ್ವರು ಗೆಳೆಯರು ಈಚೆಗೆ ಆಡಿದ ಆಟಗಳನ್ನು ಇದೇ ಒರೆಗೆ ಹಚ್ಚಬಹುದು. ಮೊದಲು ಹೊರಬಂದದ್ದು ಕಟಾನ್. ಕೃತಕ ಹಲ್ಲು ತಯಾರಿಸುವ ಕಸುಬಿನಲ್ಲಿದ್ದ ಜರ್ಮನಿಯ ಕ್ಲೌಸ್ ಟಾಯ್ಬರ್ ರೂಪಿಸಿದ ಈ ಆಟ 1995ರಲ್ಲಿ ಬಂತು, ಅದೇ ವರ್ಷ ಅಲ್ಲಿನ ‘ವರ್ಷದ ಆಟ’ ಪ್ರಶಸ್ತಿಯನ್ನೂ ಪಡೆಯಿತು. ಆರು ಮೂಲೆಯ 19 ಬಿಲ್ಲೆಗಳನ್ನು ಜೋಡಿಸಿದರೆ ದ್ವೀಪ ಸಿದ್ಧ. ಮರಳುಗಾಡನ್ನು ಬಿಟ್ಟು ಪ್ರತಿ ಬಿಲ್ಲೆಗೂ ಒಂದು ಸಂಖ್ಯೆ. ದಾಳ ಯಾರೇ ಹಾಕಲಿ, ಬಿದ್ದ ಸಂಖ್ಯೆಯ ಪಕ್ಕದಲ್ಲಿ ಮನೆ ಕಟ್ಟಿದವರಿಗೆಲ್ಲ ಫಸಲು. ಹೀಗಾಗಿ ಪಕ್ಕದವನ ದಾಳಕ್ಕೂ ನಾಲ್ವರೂ ಕತ್ತು ಚಾಚುತ್ತಾರೆ.

ಅದರ ಮೇಲೆ ಚೌಕಾಸಿ ಬೇರೆ. ‘ಎರಡು ಕುರಿ ಕೊಡ್ತೀನಿ, ಒಂದು ಇಟ್ಟಿಗೆ ಕೊಡೋ.’ ‘ನಿನ್ನ ಕುರಿ ಯಾರಿಗೆ ಬೇಕು ಕಣೋ, ಗೋಧಿ ಇದ್ರೆ ಮಾತಾಡು.’ ಎರಡು ದಾಳಗಳ 36 ಸಾಧ್ಯತೆಗಳಲ್ಲಿ 7 ಬೀಳುವುದು ಆರು ಸಲ, 12 ಬೀಳುವುದು ಒಂದೇ ಸಲ. ಇಷ್ಟು ಲೆಕ್ಕ ಗೊತ್ತಿದ್ದೂ ಒಬ್ಬರು 12ರ ಪಕ್ಕ ಮನೆ ಕಟ್ಟಿದರು. ದುರದೃಷ್ಟವೆಂದರೆ ಅದು ಎರಡು ಸಲ ಬಿದ್ದು, ಅವರ ಬುದ್ಧಿವಂತಿಕೆಯ ಬಗ್ಗೆ ಸಂಜೆಯಿಡೀ ಕೇಳಬೇಕಾಯಿತು. ಕಟಾನಿನ ದೋಷ ಇರುವುದು ಆರಂಭದಲ್ಲೇ. ಮೊದಲೆರಡು ಮನೆಗಳ ಜಾಗ ತಪ್ಪಿದರೆ 10 ಅಂಕ ತಮ್ಮ ಪಾಲಿಗಿಲ್ಲ ಎಂಬುದು ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ. ಆಮೇಲಿನದು ಬರೀ ಸೌಜನ್ಯ.

ಅಜುಲ್ ನೋಡಲು ಬಲು ಚೆಂದ. ಪೋರ್ಚುಗಲ್ಲಿನ ಬಣ್ಣದ ಗೋಡೆ ಹೆಂಚುಗಳನ್ನು ನೆನೆದು ಮೈಕಲ್ ಕೀಸ್ಲಿಂಗ್ ಮಾಡಿದ ಆಟ, 2017ರದ್ದು. ಐದು ಬಣ್ಣದ 100 ಬಿಲ್ಲೆಗಳು ಕೈಗೆ ನುಣುಪಾಗಿ ಸಿಗುತ್ತವೆ. ಒಂದು ತಟ್ಟೆಯಿಂದ ಒಂದು ಬಣ್ಣದ್ದನ್ನೆಲ್ಲ ಎತ್ತಿಕೊಂಡು ಉಳಿದದ್ದನ್ನು ನಡುವಿಗೆ ತಳ್ಳಬೇಕು. ಸಾಲಿನಲ್ಲಿ ಜಾಗವಿಲ್ಲದೆ ಮಿಕ್ಕಿದ್ದಕ್ಕೆ ದಂಡ. ಏಳು ಬಿಲ್ಲೆ ಮಿಕ್ಕರೆ 14 ಅಂಕ ಹೋದಂತೆ. ಬೇಡದ ನೀಲಿಯನ್ನು ಎದುರಿನವನ ತಲೆಗೆ ಕಟ್ಟುವುದರಲ್ಲೇ ಇದರ ರುಚಿ. ಆದರೆ ಮಾತು ಸತ್ತುಹೋಗುತ್ತದೆ. ಇಬ್ಬರಿಗೆ ಇದು ಚದುರಂಗದಷ್ಟು ಬಿಗಿ, ನಾಲ್ವರಿಗೆ ತುಸು ಸಪ್ಪೆ.

ನಡುವೆ ಯಾರೋ ಸೀಮೆಸುಣ್ಣ ತಂದರು, ಚೌಕಾಬಾರ ಶುರುವಾಯಿತು. ನೆಲದ ಮೇಲೆ ಐದಕ್ಕೈದು ಮನೆ, ನಾಲ್ಕು ಕವಡೆ, ತಲೆಗೆ ನಾಲ್ಕು ಕಾಯಿ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಎಂಟರ ಬಾರ. ಎರಡಕ್ಕೂ ಇನ್ನೊಂದು ಗರ ಸಿಗುತ್ತದೆ. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ, ಆದ್ದರಿಂದ ನಾಣ್ಯದ ಲೆಕ್ಕ ಇಲ್ಲಿ ನಡೆಯದು. ಪ್ರತಿ ಜೊತೆಗೂ ಅದರದೇ ಗುಣ. ಜರ್ಮನ್ ಆಟಗಳು ಅಂಜುತ್ತ ಮಾಡುವ ಕೆಲಸವನ್ನು ಚೌಕಾಬಾರ ನೇರವಾಗಿ ಮಾಡುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ, ಅಂದರೆ ಒಳ್ಳೆಯವನಾಗಿದ್ದುಕೊಂಡೇ ಗೆಲ್ಲುವ ದಾರಿಯೇ ಇಲ್ಲ! ಹೊಡೆತ ಬೀಳದ ಮನೆಯಾದ ಕಟ್ಟೆಯಿಂದ ಎರಡು ಮನೆ ಆಚೆ ಕಾಯಿ ನಿಲ್ಲಿಸಿದವನಿಗೆ ಉಳಿದ ಮೂವರ ಗರವೂ ಎದೆಬಡಿತವೇ. ಇನ್ನೇನು ಹಣ್ಣಾಗಬೇಕಿದ್ದ ಕಾಯಿಯೊಂದು ಹೊಡೆತ ತಿಂದು ಹಿಂದಿರುಗಿದಾಗ ಎದ್ದ ಗದ್ದಲಕ್ಕೆ ಅಡುಗೆಮನೆಯಲ್ಲಿದ್ದವರೂ ಹೊರಬಂದರು. ಸಂಜೆಯ ಅತ್ಯುತ್ತಮ ಆಟ ಯಾವುದೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ.

ಕೊನೆಯದು ಫ್ರಾನ್ಸಿನ ಆಂಟ್ವಾನ್ ಬೌಜಾ ರೂಪಿಸಿದ ಹನಾಬಿ. ಇಲ್ಲಿ ಎದುರಾಳಿಯೇ ಇಲ್ಲ. ಎಲ್ಲರೂ ಸೇರಿ ಐದು ಬಣ್ಣದ ಎಲೆಗಳನ್ನು 1ರಿಂದ 5ರವರೆಗೆ ಕ್ರಮವಾಗಿ ಜೋಡಿಸಬೇಕು. ತೊಡಕೆಂದರೆ, ಪ್ರತಿಯೊಬ್ಬನೂ ತನ್ನ ಎಲೆಗಳನ್ನು ಬೇರೆಯವರಿಗೆ ಕಾಣುವಂತೆ ತಿರುಗಿಸಿ ಹಿಡಿಯಬೇಕು. ‘ನಿನ್ನ ಈ ಎರಡು ಎಲೆ ಕೆಂಪು’ ಎನ್ನುವಂಥ ಸುಳಿವು ಕೊಡಬಹುದು, ಅದೂ ಎಣಿಸಿಟ್ಟಷ್ಟೇ. ಮಿಕ್ಕಂತೆ ಬಾಯಿ ಬಿಡುವಂತಿಲ್ಲ. ಮಾತಿಗೆ ಕಡಿವಾಣ ಬಿದ್ದೊಡನೆ ಕೆಮ್ಮು, ಹುಬ್ಬು, ನಿಟ್ಟುಸಿರುಗಳೇ ಭಾಷೆಯಾದವು. ನಿಯಮದ ಪ್ರಕಾರ ಇದು ಮೋಸ, ಆದರೂ ತಡೆಯುವವರು ಯಾರು? 25ಕ್ಕೆ 17 ಅಂಕ ಬಂತು. ಕೆಮ್ಮನ್ನು ಕಳೆದರೆ ಎಷ್ಟೋ.

ಮುಂದಿನ ಭಾನುವಾರ ಐದನೆಯವರೊಬ್ಬರು ಬರುವವರಿದ್ದಾರೆ. ಕಟಾನಿನ ಮೂಲ ಪೆಟ್ಟಿಗೆ, ಅಜುಲ್, ಚೌಕಾಬಾರ ಮೂರೂ ನಾಲ್ವರಿಗೇ ನಿಲ್ಲುತ್ತವೆ, ಹನಾಬಿ ಐವರವರೆಗೂ ನಡೆಯುತ್ತದೆ. ಹಾಗಾಗಿ ಮತ್ತೆ ಹನಾಬಿಯೇ, ಕೆಮ್ಮಿದವರಿಗೆ ದಂಡ ಎಂಬ ಹೊಸ ನಿಯಮದೊಂದಿಗೆ.