ಕಡಿಮೆ ಓಡಿದ ಗಾಡಿಯ ಭ್ರಮೆ

"ಗಾಡಿ ಭಾಳ ಕಡಿಮಿ ಓಡ್ಯಾದ, ಇಂಜಿನ್‌ಗೆ ಯಾರೂ ಕೈ ಹಚ್ಚಿಲ್ಲ." ಸೊಲ್ಲಾಪುರ, ಅಕ್ಕಲಕೋಟೆ ಕಡೆ ಹಳೆ ಕಾರು ಮಾರುವವರ ಈ ಮಾತನ್ನು ಕೊಳ್ಳುವವರೂ ಸಲೀಸಾಗಿ ನಂಬುತ್ತಾರೆ. ಎಂಎಚ್-13 (ಸೊಲ್ಲಾಪುರ ನೋಂದಣಿ) ಗಾಡಿಯ ಮೀಟರಿನಲ್ಲಿ 30,000 ಕಿ.ಮೀ. ಕಂಡರೆ ಕಣ್ಣರಳುತ್ತದೆ, ಲಕ್ಷ ದಾಟಿದ್ದರೆ ಮುಖ ಸಿಂಡರಿಸುತ್ತದೆ. ಇಂಜಿನ್ನಿನ ಮಟ್ಟಿಗೆ ಈ ಅಳತೆ ನೆಚ್ಚುವಂಥದ್ದಲ್ಲ.

ಮೀಟರು ಎಣಿಸುವುದು ಚಕ್ರದ ಓಟವನ್ನು, ಇಂಜಿನ್ನಿನ ದುಡಿಮೆಯನ್ನಲ್ಲ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿ.ಮೀ. ಅಲ್ಲಿನ ಸ್ವಾಮಿ ಸಮರ್ಥರ ದರ್ಶನಕ್ಕೆ ಭಕ್ತರನ್ನು ಒಯ್ಯುವ ಗಾಡಿ ಅದನ್ನು ಒಂದು ತಾಸಿನಲ್ಲಿ, ಹದವಾದ ವೇಗದಲ್ಲಿ ಮುಗಿಸುತ್ತದೆ. ಅಷ್ಟೇ ದೂರವನ್ನು ಪೇಟೆಯ ಗದ್ದಲದಲ್ಲಿ ತಾಸಿಗೆ 20 ಕಿ.ಮೀ.ಯಂತೆ ಓಡಿಸಿದರೆ ಇಂಜಿನ್ ಎರಡು ತಾಸು ತಿರುಗಿರುತ್ತದೆ. ಬಿರುಬೇಸಿಗೆಯಲ್ಲಿ ಎ.ಸಿ. ಹಾಕಿಕೊಂಡು ಅಂಗಡಿ ಮುಂದೆ ನಿಂತ ಹೊತ್ತಂತೂ ಮೀಟರಿಗೆ ಗೊತ್ತೇ ಆಗುವುದಿಲ್ಲ. ಓಡದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ಸಾಮಾನ್ಯವಾಗಿ ಕಂಪನಿಗಳು ಹೇಳುತ್ತವೆ, "ಎಲ್ಲಿ ಓಡ್ಯಾದ?" ಎನ್ನುವ ಮಾಲೀಕ ಅದನ್ನೂ ಮುಂದಕ್ಕೆ ಹಾಕಿರುತ್ತಾನೆ. ದೂರ ಓಡಿದ ಗಾಡಿಯಲ್ಲಿ ಕ್ಲಚ್, ಸಸ್ಪೆನ್ಶನ್ ಸವೆದಿರಬಹುದು, ನಿಜ. ಆದರೆ ಅವುಗಳ ರಿಪೇರಿ ಸಾಮಾನ್ಯವಾಗಿ ಇಂಜಿನ್ ಬಿಚ್ಚಿಸುವಷ್ಟು ದುಬಾರಿಯಲ್ಲ.

ಮಿಸ್ತ್ರಿ ಬಾನೆಟ್ ಎತ್ತಿ ಸಪ್ಪಳ ಕೇಳಿದರೆ ಸಾಕೆಂಬ ನಂಬಿಕೆಯೂ ಅಷ್ಟೇ ಪೊಳ್ಳು. ನಾವು ಹೋಗುವಷ್ಟರಲ್ಲಿ ಗಾಡಿ ತೊಳೆದು, ಚಾಲೂ ಮಾಡಿ, ಬಿಸಿ ಮಾಡಿಟ್ಟಿರುತ್ತಾರೆ. ಇಂಜಿನ್ ತನ್ನ ರೋಗ ಹೇಳುವುದು ತಣ್ಣಗಿದ್ದಾಗ. ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಬೇಕು. ಕೂಲಂಟ್ ಬದಲು ಬೋರಿನ ಗಡಸು ನೀರು ಸುರಿದಿದ್ದರೆ ಒಳಗೆ ತುಕ್ಕು, ಸುಣ್ಣ ಕಟ್ಟಿರುತ್ತದೆ. ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಇಂಜಿನ್ ಸೀಜ್ ಆಗಲು ಅದೊಂದೇ ಸಾಕು. ಆಮೇಲೆ ನಾಲ್ಕು ಮಂದಿ ಕೂತು ಅಕ್ಕಲಕೋಟೆಯವರೆಗೆ ಓಡಿಸಿ, ಉಷ್ಣತೆಯ ಮುಳ್ಳು ಏರುತ್ತದೆಯೇ ನೋಡಬೇಕು. ಕೊನೆಗೆ ಗ್ಯಾರೇಜಿನಲ್ಲಿ ಕಂಪ್ರೆಶನ್ ಅಳೆಸಬೇಕು. ಒಂದು ಸಿಲಿಂಡರಿನದು ಉಳಿದವಕ್ಕಿಂತ ತೀರಾ ಕಡಿಮೆಯಿದ್ದರೆ ಪಿಸ್ಟನ್ ರಿಂಗ್, ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಸಂಭವ ಹೆಚ್ಚು.

ಕಡಿಮೆ ಓಟದ ಹೆಸರಲ್ಲಿ ಹೆಚ್ಚು ಬೆಲೆ ಕೇಳುವವರಿಗೆ ವರ್ಷವಾರು ಆಯಿಲ್ ಬದಲಿಸಿದ ಬಿಲ್ಲು ತೋರಿಸಲು ಹೇಳಿ. ಬಿಲ್ಲಿದ್ದರೆ ಲಕ್ಷ ಓಡಿದ ಗಾಡಿಗೂ ಬೆಲೆ ಕೊಡಬಹುದು. ಇಲ್ಲದಿದ್ದರೆ 30,000ದ ಗಾಡಿಗೂ ಚೌಕಾಸಿ ಮಾಡಲೇಬೇಕು.