ಕಾಂತಕ್ಕೆ ಉದ್ದವಾಗುವ ಲೋಹ: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಹತ್ತು ಮಿಲಿಮೀಟರ್ ಉದ್ದದ ಹರಳಿನ ಕಡ್ಡಿಯೊಂದಕ್ಕೆ ಅಡ್ಡಲಾಗಿ ಕಾಂತಕ್ಷೇತ್ರ ಹಾಯಿಸಿದರೆ ಅದು 0.6 ಮಿಲಿಮೀಟರ್ ಉದ್ದವಾಗುತ್ತದೆ. ಈ ಕೆಲಸಕ್ಕೆ ಮೊದಲಿನಿಂದ ಹೆಸರಾದ ಟರ್ಫೆನಾಲ್-ಡಿ ಮಿಶ್ರಲೋಹ ಅಷ್ಟೇ ಉದ್ದದಲ್ಲಿ ಹಿಗ್ಗುವುದು ಸುಮಾರು 0.02 ಮಿಲಿಮೀಟರ್. ನಿಕ್ಕಲ್, ಮ್ಯಾಂಗನೀಸ್, ಗ್ಯಾಲಿಯಂ ಕೂಡಿದ, ಆ ಹರಳಿನ ಕಡ್ಡಿಯ ಮಿಶ್ರಲೋಹದ ಬಗ್ಗೆ ವಿಜ್ಞಾನಿಗಳಿಗೆ ಇಷ್ಟೊಂದು ಮೋಹ ಹುಟ್ಟಿದ್ದು ಸಹಜವೇ.

ಇದರ ಕುಲಮೂಲ ಜರ್ಮನಿಯ ಫ್ರೀಡ್ರಿಶ್ ಹಾಯ್ಸ್ಲರ್ 1903ರಲ್ಲಿ ವಿವರಿಸಿದ ಮಿಶ್ರಲೋಹ. ತಾಮ್ರ, ಮ್ಯಾಂಗನೀಸ್, ಅಲ್ಯೂಮಿನಿಯಂ ಬಿಡಿಯಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಮೂರೂ ಬೆರೆತಾಗ ಅಂಟುತ್ತವೆ. ಅದೇ ಕುಲದ ನಿಕ್ಕಲ್-ಮ್ಯಾಂಗನೀಸ್-ಗ್ಯಾಲಿಯಂನಲ್ಲಿ ವಿಜ್ಞಾನಿ ಕಾರಿ ಉಲ್ಲಾಕ್ಕೊ ಮತ್ತು ಸಂಗಡಿಗರು 1996ರಲ್ಲಿ ಶೇ. 0.2ರಷ್ಟು ಹಿಗ್ಗುವಿಕೆಯನ್ನು ತೋರಿಸಿದರು. 2000ದ ಹೊತ್ತಿಗೆ ಅದು ಶೇ. 6ಕ್ಕೆ, 2002ರಲ್ಲಿ ಶೇ. 10ರ ಸಮೀಪಕ್ಕೆ ಏರಿತು.

ಗುಟ್ಟು ಇರುವುದು ಹರಳಿನ ಒಳಜೋಡಣೆಯಲ್ಲಿ. ಕಡಿಮೆ ಉಷ್ಣತೆಯಲ್ಲಿ ಇರುವ ಮಾರ್ಟೆನ್ಸೈಟ್ ಎಂಬ ಸ್ಥಿತಿಯಲ್ಲಿ ಅದರ ಘಟಕಗಳಿಗೆ ಒಂದು ಬದಿ ಗಿಡ್ಡ. ಕಾಂತಗುಣ ಆ ಗಿಡ್ಡ ಬದಿಯ ದಿಕ್ಕನ್ನೇ ಬಯಸುತ್ತದೆ. ಹರಳಿನೊಳಗೆ ಬೇರೆ ಬೇರೆ ದಿಕ್ಕಿಗೆ ಮುಖಮಾಡಿದ ಅವಳಿ ಪಟ್ಟಿಗಳಿರುತ್ತವೆ. ಕ್ಷೇತ್ರ ಬಿದ್ದೊಡನೆ ಅದರ ದಿಕ್ಕಿಗೆ ಹೊಂದಿದ ಪಟ್ಟಿಗಳ ಗಡಿ ಸರಿದು, ಪಕ್ಕದವುಗಳನ್ನು ಕಬಳಿಸುತ್ತದೆ; ಗಿಡ್ಡ ಬದಿಗಳು ಅಡ್ಡಲಾದಂತೆ ಕಡ್ಡಿ ಉದ್ದವಾಗುತ್ತದೆ. ಕ್ಷೇತ್ರ ತೆಗೆದರೂ ಹೊಸ ಆಕಾರ ಉಳಿಯುವುದರಿಂದ, ಹಿಡಿದಿಡಲು ವಿದ್ಯುತ್ ಬೇಡ. ಮರಳಿಸಲು ಸ್ಪ್ರಿಂಗ್ ಅಥವಾ ಇನ್ನೊಂದು ದಿಕ್ಕಿನ ಕ್ಷೇತ್ರ ಸಾಕು.

ಆದರೆ ಮೋಟಾರುಗಳ ಜಾಗವನ್ನೇ ಇದು ತುಂಬುತ್ತದೆಂಬ ನಿರೀಕ್ಷೆಗೆ ಬಲವಿಲ್ಲ. ಕೆಲವೇ ಮೆಗಾಪಾಸ್ಕಲ್ ಒತ್ತಡ ಎದುರಾದರೆ ಚಲನೆ ನಿಂತುಬಿಡುತ್ತದೆ. ಕಾಯಿಸಿದಾಗ ಮಾರ್ಟೆನ್ಸೈಟ್ ಕಳೆದುಹೋಗಿ ಗುಣವೂ ಕಾಣೆಯಾಗುತ್ತದೆ. ಲೋಹ ಪೆಡಸು, ಬಿರುಕು ಬೇಗ. ಮೇಲಾಗಿ, ಇಡೀ ಕಡ್ಡಿ ಒಂದೇ ಹರಳಾಗಿರಬೇಕು. ಹಲವು ಕಣಗಳಿದ್ದರೆ ಒಂದು ಇನ್ನೊಂದನ್ನು ತಡೆಯುತ್ತದೆ. ಅಮೆರಿಕದ ಸಂಶೋಧಕರು ಈ ತೊಡಕಿಗೆ ಜಾಣ ದಾರಿ ಹುಡುಕಿದರು: ಲೋಹವನ್ನು ರಂಧ್ರಮಯ ನೊರೆಯಂತೆ ಎರಕ ಹೊಯ್ದು ಕಣಗಳಿಗೆ ಜಾಗ ಕೊಟ್ಟರು. 2007ರಲ್ಲಿ ಶೇ. 0.12 ಇದ್ದ ಹಿಗ್ಗುವಿಕೆ 2009ರಲ್ಲಿ ಶೇ. 8.7 ಮುಟ್ಟಿತು.

ಈ ಲೋಹದ ನಿಜವಾದ ಗೆಲುವು ಕಾಣುವುದು ಸೂಕ್ಷ್ಮ ಪಂಪಿನಲ್ಲಿ. ಕೆಳಗೆ ಅಯಸ್ಕಾಂತ ತಿರುಗಿದಂತೆ ಹರಳಿನ ಮೈಯಲ್ಲಿ ಮೂಡುವ ಸಣ್ಣ ತಗ್ಗು, ಗಂಟಲಲ್ಲಿ ತುತ್ತು ಇಳಿಯುವ ಹಾಗೆ, ದ್ರವವನ್ನು ಹೊತ್ತು ಮುಂದೆ ಸಾಗುತ್ತದೆ. ವೈರು ಬೇಡ, ಗೇರು ಬೇಡ. ಡಿಎನ್‌ಎ ಪರೀಕ್ಷೆಯ ದ್ರವಗಳಿಗೂ ಇದು ಒಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ. ಇಲ್ಲಿ ಬಲ ಕಡಿಮೆಯಿದ್ದರೂ ನಡೆಯುತ್ತದೆ, ಹರಳೂ ಚಿಕ್ಕದಿದ್ದರೆ ಸಾಕು.

2013ರಲ್ಲಿ ಈ ಮಿಶ್ರಲೋಹಕ್ಕೆ ಕೋಬಾಲ್ಟ್, ತಾಮ್ರ ಬೆರೆಸಿ ಶೇ. 12ರಷ್ಟು ಹಿಗ್ಗುವಿಕೆ ಸಾಧಿಸಿದ್ದಾಯಿತು. ಶೇಕಡಾವಾರು ದಾಖಲೆಗಿಂತ ಈಗ ಬೇಕಿರುವುದು ಬಿಸಿ ತಾಳುವ, ಕೋಟ್ಯಂತರ ಆವರ್ತಗಳ ನಂತರವೂ ಬಿರಿಯದ ಹರಳು.